ಮೂಗಿನ ನರ ಮತ್ತೆ ಬೆಳೆಯುತ್ತದೆ, ಬೆನ್ನುಹುರಿ ಏಕೆ ಬೆಳೆಯುವುದಿಲ್ಲ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆ. ನನ್ನ ಅಣ್ಣ ಎರಡು ವರ್ಷದ ಹಿಂದೆ ಕೊನೆ ಕೊಯ್ಯುವಾಗ ಅಡಿಕೆ ಮರದಿಂದ ಬಿದ್ದ. ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ವಾಧೀನ ಇಲ್ಲ. ಮೂಗಿನೊಳಗಿನ ಒಂದು ಬಗೆಯ ಗ್ಲಿಯಾ ಕೋಶ ತೆಗೆದು ಬೆನ್ನುಹುರಿಗೆ ಹಾಕಿದರೆ ನರ ಮತ್ತೆ ಬೆಳೆಯುತ್ತದೆ ಅಂತ ಓದಿದೆ. ಒಂದು ಕ್ಲಿನಿಕ್‌ನವರಿಗೆ ಫೋನ್ ಮಾಡಿದರೆ, ಮಾಡಿಕೊಡುತ್ತೇವೆ ಅಂದರು, ಲಕ್ಷಗಟ್ಟಲೆ ಖರ್ಚು ಹೇಳಿದರು. ಆ ಕೋಶಕ್ಕೆ ಅಂಥ ಶಕ್ತಿ ನಿಜವಾಗಿ ಇದೆಯಾ? ಅದು ಹೇಗೆ ಕೆಲಸ ಮಾಡುತ್ತದೆ? ತೋಟ ಅಡ ಇಟ್ಟು ಮಾಡಿಸಬಹುದಾ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಹೇಳಿಬಿಡುತ್ತೇನೆ. ಬೇಡ. ತೋಟ ಅಡ ಇಡಬೇಡಿ. ಈ ವಿಧಾನ ಇನ್ನೂ ಪ್ರಯೋಗದ ಹಂತದಲ್ಲಿದೆ. ದುಡ್ಡು ತೆಗೆದುಕೊಂಡು ಮಾಡಿಕೊಡುತ್ತೇವೆ ಅನ್ನುವವರು ಪ್ರಯೋಗವನ್ನೇ ಚಿಕಿತ್ಸೆ ಅಂತ ಮಾರುತ್ತಿದ್ದಾರೆ.

ಹಾಗಂತ ನೀವು ಓದಿದ್ದು ಸುಳ್ಳಲ್ಲ. ಮೂಗಿನ ಆ ಕೋಶ ನಿಜವಾಗಿಯೂ ವಿಶೇಷವಾದದ್ದು. ಅದು ಏನು ಮಾಡುತ್ತದೆ, ಏನು ಮಾಡುವುದಿಲ್ಲ ಅನ್ನುವುದು ಸರಿಯಾಗಿ ಅರ್ಥವಾದರೆ, ಫೋನಿನಲ್ಲಿ ಆ ಕ್ಲಿನಿಕ್‌ನವರು ಹೇಳಿದ್ದನ್ನು ನೀವೇ ಅಳೆಯಬಹುದು. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ವಾಸನೆ ಹಿಡಿಯುವ ನರಕೋಶಗಳು ಇರುವುದು ಮೂಗಿನ ಒಳಗೆ ತೀರಾ ಮೇಲೆ, ಎರಡು ಕಣ್ಣುಗಳ ನಡುವಿನ ಮಟ್ಟದಲ್ಲಿ. ಅಲ್ಲಿ ಕೆಲವೇ ಚದರ ಸೆಂಟಿಮೀಟರಿನಷ್ಟು ಒದ್ದೆ ಪೊರೆ ಇದೆ. ಅದರಲ್ಲಿ ಲಕ್ಷಾಂತರ ನರಕೋಶಗಳಿವೆ. ಪ್ರತಿಯೊಂದರ ಒಂದು ತುದಿ ಮೂಗಿನ ಸಿಂಬಳದಲ್ಲಿ ಮುಳುಗಿರುತ್ತದೆ. ಇನ್ನೊಂದು ತುದಿಯಿಂದ ಒಂದು ತಂತು ಹೊರಟು, ಸಣ್ಣ ಸಣ್ಣ ತೂತುಗಳಿರುವ ತೆಳು ಮೂಳೆಯನ್ನು ದಾಟಿ, ನೇರ ಮೆದುಳಿಗೆ ಹೋಗುತ್ತದೆ. ಆ ತಂತು ಎಷ್ಟು ಸಣ್ಣ ಅಂದರೆ, ಅದರ ದಪ್ಪ ಒಂದು ಮಿಲಿಮೀಟರಿನ ಐದು ಸಾವಿರದಲ್ಲಿ ಒಂದು ಪಾಲು.

ಯೋಚಿಸಿ ನೋಡಿ, ದೇಹದ ಬೇರೆ ಯಾವ ನರಕೋಶವೂ ಹೀಗೆ ಹೊರಗಿನ ಗಾಳಿಗೆ ಮೈಯೊಡ್ಡಿಕೊಂಡು ಕೂತಿಲ್ಲ. ಧೂಳು, ಹೊಗೆ, ಖಾರದ ಘಾಟು, ವೈರಸ್ಸು, ಎಲ್ಲ ಮೊದಲು ತಾಗುವುದು ಇದಕ್ಕೆ. ಆದ್ದರಿಂದ ಇವು ಬೇಗ ಸಾಯುತ್ತವೆ. ಇಲಿಗಳಲ್ಲಿ ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳ ಆಯಸ್ಸು. ಸತ್ತ ಕೋಶದ ಜಾಗಕ್ಕೆ ಪೊರೆಯ ತಳದಲ್ಲಿರುವ ಮೂಲಕೋಶಗಳಿಂದ ಹೊಸ ನರಕೋಶ ಹುಟ್ಟುತ್ತದೆ. ಅದು ಮತ್ತೆ ಹೊಸ ತಂತು ಚಾಚಿ, ಮೂಳೆ ದಾಟಿ, ಮೆದುಳಿನಲ್ಲಿ ತನಗೆ ಸೇರಿದ ಜಾಗವನ್ನೇ ಹುಡುಕಿಕೊಂಡು ಹೋಗಬೇಕು. ದೊಡ್ಡವರಾದ ಮೇಲೂ ಈ ಕೆಲಸ ನಡೆಯುತ್ತಲೇ ಇರುತ್ತದೆ. 1970ರ ದಶಕದಲ್ಲಿ ಗ್ರಾಜಿಯಾಡೈ ದಂಪತಿ ಇದನ್ನು ತೋರಿಸಿಕೊಟ್ಟಾಗ ಬಹಳ ವಿಜ್ಞಾನಿಗಳಿಗೆ ನಂಬುವುದೇ ಕಷ್ಟವಾಗಿತ್ತು. ದೊಡ್ಡವರ ಮೆದುಳಿಗೆ ಹೊಸ ನರತಂತು ಹೋಗಿ ಸೇರುವುದು ಸಾಧ್ಯವೇ ಇಲ್ಲ ಅಂತ ಆಗಿನ ಪುಸ್ತಕಗಳಲ್ಲಿತ್ತು.

ಇಲ್ಲಿ ನಿಮ್ಮ ಗ್ಲಿಯಾ ಕೋಶ ಬರುತ್ತದೆ. ನರಮಂಡಲದಲ್ಲಿ ಸಂದೇಶ ಸಾಗಿಸುವುದು ನರಕೋಶ. ಅದನ್ನು ಹೊದ್ದು, ಸಾಕಿ, ಸುತ್ತಮುತ್ತ ಚೊಕ್ಕಟ ಇಡುವ ಉಳಿದ ಕೋಶಗಳನ್ನು ಒಟ್ಟಾಗಿ ಗ್ಲಿಯಾ ಅನ್ನುತ್ತೇವೆ. ಕೈಕಾಲಿನ ನರಗಳಲ್ಲಿ ಇರುವುದು ಶ್ವಾನ್ ಕೋಶ ಎಂಬ ಗ್ಲಿಯಾ. ಮೆದುಳು ಮತ್ತು ಬೆನ್ನುಹುರಿಯಲ್ಲಿ ಆಸ್ಟ್ರೋಸೈಟ್, ಆಲಿಗೋಡೆಂಡ್ರೋಸೈಟ್ ಎಂಬ ಬೇರೆ ಗ್ಲಿಯಾಗಳಿವೆ. ವಾಸನೆಯ ನರದಲ್ಲಿ ಇವೆರಡೂ ಗುಂಪಿಗೆ ಪೂರ್ತಿ ಸೇರದ ಒಂದು ಕೋಶ ಇದೆ. ಅದಕ್ಕೆ ಆಲ್ಫ್ಯಾಕ್ಟರಿ ಎನ್‌ಶೀತಿಂಗ್ ಸೆಲ್ ಎಂದು ಹೆಸರು. ಚಿಕ್ಕದಾಗಿ ಓಇಸಿ ಅನ್ನೋಣ. ಮೂಗಿನ ಪೊರೆಯ ಅಡಿಯಿಂದ ಹಿಡಿದು ಮೆದುಳಿನಲ್ಲಿ ವಾಸನೆ ಗ್ರಹಿಸುವ ಭಾಗದ ಹೊರ ಪದರದವರೆಗೂ ಇದು ಎಡೆಬಿಡದೆ ಹಬ್ಬಿಕೊಂಡಿದೆ. ಭ್ರೂಣದಲ್ಲಿ ಇದು ಹುಟ್ಟುವುದು ಶ್ವಾನ್ ಕೋಶ ಹುಟ್ಟುವ ಮೂಲದಿಂದಲೇ ಎಂದು 2010ರಲ್ಲಿ ಗೊತ್ತಾಯಿತು. ಅಲ್ಲಿಯವರೆಗೆ ಮೂಗಿನ ಪೊರೆಯಿಂದಲೇ ಹುಟ್ಟುತ್ತದೆ ಅಂದುಕೊಂಡಿದ್ದೆವು.

ಶ್ವಾನ್ ಕೋಶಕ್ಕೂ ಇದಕ್ಕೂ ಇರುವ ವ್ಯತ್ಯಾಸವನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ಶ್ವಾನ್ ಕೋಶ ದಪ್ಪ ತಂತುಗಳಿಗೆ ಒಂದೊಂದಕ್ಕೇ ಸುತ್ತು ಸುತ್ತಾಗಿ ಕೊಬ್ಬಿನ ಹೊದಿಕೆ ಹಾಕುತ್ತದೆ, ಸಣ್ಣವಕ್ಕೂ ಒಂದೊಂದಕ್ಕೆ ಬೇರೆ ಬೇರೆ ತೊಟ್ಟಿಯಂಥ ಜಾಗ ಕೊಡುತ್ತದೆ. ಓಇಸಿ ಹಾಗೆ ಮಾಡುವುದಿಲ್ಲ. ತನ್ನ ತೆಳುವಾದ ಅಂಚುಗಳನ್ನು ಚಾಚಿ, ಹತ್ತಾರು, ಕೆಲವೊಮ್ಮೆ ನೂರಾರು ತಂತುಗಳನ್ನು ಒಟ್ಟಿಗೇ ಒಂದೇ ಕಟ್ಟಾಗಿ ಬಳಸಿ ಹಿಡಿಯುತ್ತದೆ. ಒಳಗೆ ತಂತುಗಳು ಒಂದಕ್ಕೊಂದು ಮೈತಾಗಿಸಿಕೊಂಡು ಸಾಗುತ್ತವೆ. ಕೊಬ್ಬಿನ ಹೊದಿಕೆ ಇಲ್ಲ.

ಒಳಗಿನ ತಂತುಗಳು ಸತ್ತರೆ ಏನಾಗುತ್ತದೆ ಅನ್ನುವುದೇ ಇಡೀ ವಿಷಯದ ತಿರುಳು. ಲಂಡನ್ನಿನ ಜೆಫ್ರಿ ರೈಸ್‌ಮನ್ ಅವರ ತಂಡ 2005ರಲ್ಲಿ ಇದನ್ನು ತೋರಿಸಿತು. ವಾಸನೆಯ ನರದ ತಂತುಗಳು ನಾಶವಾದ ಮೇಲೂ ಓಇಸಿಗಳು ತಮ್ಮ ಜಾಗ ಬಿಟ್ಟು ಕದಲುವುದಿಲ್ಲ. ತಂತುಗಳ ಕಟ್ಟನ್ನು ಬಳಸಿ ಅವು ಮಾಡಿದ್ದ ಕೊಳವೆ ಕುಸಿಯದೆ ಹಾಗೇ ನಿಲ್ಲುತ್ತದೆ. ನಿಮ್ಮ ತೋಟದ ಬಸಿಗಾಲುವೆ ಬೇಸಿಗೆಯಲ್ಲಿ ಬತ್ತಿದರೂ ಮುಚ್ಚಿಹೋಗುವುದಿಲ್ಲ, ಮಳೆ ಹಿಡಿದಾಗ ನೀರು ಅದೇ ದಾರಿಯಲ್ಲೇ ಹರಿಯುತ್ತದೆ ಅಲ್ವಾ, ಹಾಗೆ. ಹೊಸದಾಗಿ ಹುಟ್ಟಿದ ತಂತು ಆ ತೆರೆದ ದಾರಿಯಲ್ಲಿ ನುಸುಳಿಕೊಂಡು ಮೆದುಳು ಮುಟ್ಟುತ್ತದೆ. ನನ್ನ ಮಟ್ಟಿಗೆ ಓಇಸಿಯ ಅತಿ ದೊಡ್ಡ ಕೆಲಸ ಇದೇ. ಎಲ್ಲರೂ 'ನರಕ್ಕೆ ಪೋಷಣೆ ಕೊಡುವ ಕೋಶ' ಅಂತ ಬರೆಯುತ್ತಾರೆ. ಪೋಷಣೆ ಕೊಡುವ ಕೋಶಗಳು ಬೇಕಾದಷ್ಟಿವೆ. ದಾರಿ ಕಾಯ್ದುಕೊಂಡು ಕೂರುವವು ಕಡಿಮೆ.

ದಾರಿ ತೆರೆದಿದ್ದರೆ ಸಾಲದು, ಚೊಕ್ಕಟವಾಗಿಯೂ ಇರಬೇಕು. ಸತ್ತ ತಂತುಗಳ ಚೂರುಪಾರನ್ನು ಓಇಸಿಯೇ ನುಂಗಿ ಕರಗಿಸುತ್ತದೆ. ಆ ದಾರಿಯಲ್ಲಿ ನುಸುಳಲು ನೋಡುವ ಬ್ಯಾಕ್ಟೀರಿಯಾಗಳನ್ನೂ ನುಂಗಬಲ್ಲದು. ಇದು ಸಣ್ಣ ವಿಷಯವಲ್ಲ. ಮೂಗಿನಿಂದ ಮೆದುಳಿಗೆ ನೇರ ದಾರಿ ಇದೆ ಅಂದರೆ ಅದು ರೋಗಕ್ಕೂ ದಾರಿಯೇ. ಈಚಿನ ವರ್ಷಗಳಲ್ಲಿ ಕೇರಳದಿಂದ ಸುದ್ದಿ ಬಂದ ನೇಗ್ಲೇರಿಯಾ ಎಂಬ ಅಮೀಬಾ ಮೆದುಳು ಸೇರುವುದು ಇದೇ ವಾಸನೆಯ ನರದ ಮೂಲಕ. ಇಷ್ಟು ತೆರೆದ ದಾರಿ ಇದ್ದೂ ಅಂಥ ಸೋಂಕು ತೀರಾ ಅಪರೂಪ ಅನ್ನುವುದರಲ್ಲಿ ಈ ಕಾವಲಿನ ಪಾಲೂ ಇರಬಹುದು.

ಇನ್ನು ಪೋಷಣೆಯ ವಿಷಯ. ಬಿಡಿಎನ್‌ಎಫ್, ಎನ್‌ಜಿಎಫ್, ಜಿಡಿಎನ್‌ಎಫ್ ಮೊದಲಾದ ಬೆಳವಣಿಗೆಯ ಪ್ರೋಟೀನುಗಳನ್ನು ಓಇಸಿ ಸ್ರವಿಸುತ್ತದೆ. ತಂತುವಿನ ತುದಿ ಹಿಡಿದುಕೊಂಡು ಮುಂದೆ ತೆವಳಲು ಬೇಕಾದ ಲ್ಯಾಮಿನಿನ್, ಎಲ್1 ಥರದ ಅಂಟು ಅಣುಗಳನ್ನು ತನ್ನ ಮೈಮೇಲೆ ಇಟ್ಟುಕೊಂಡಿರುತ್ತದೆ. ಭ್ರೂಣದಲ್ಲಂತೂ ಓಇಸಿಗಳು ತಂತುಗಳ ತುದಿಗಿಂತ ಸ್ವಲ್ಪ ಮುಂದೆ ಹೋಗಿ ದಾರಿ ಮಾಡಿಕೊಡುತ್ತವೆ. ಗಾಜಿನ ತಟ್ಟೆಯಲ್ಲಿ ಬೆಳೆಸಿ ವೀಡಿಯೊ ತೆಗೆದಾಗ ಈ ಕೋಶದ ಅಂಚಿನಲ್ಲಿ ಅಲೆ ಅಲೆಯಾಗಿ ತೆಳು ಪೊರೆ ಏಳುವುದು ಕಾಣುತ್ತದೆ. ಜಿಡಿಎನ್‌ಎಫ್ ಹಾಕಿದರೆ ಅಲೆ ಜಾಸ್ತಿಯಾಗುತ್ತದೆ, ಕೋಶ ಬೇಗ ಸಾಗುತ್ತದೆ, ಅದರ ಮೇಲೆ ಕೂತ ತಂತುವೂ ಜೊತೆಗೇ ಮುಂದೆ ಹೋಗುತ್ತದೆ.

ಈಗ ಬೆನ್ನುಹುರಿಗೆ ಬರೋಣ. ಅಲ್ಲಿ ತುಂಡಾದ ತಂತು ಏಕೆ ಬೆಳೆಯುವುದಿಲ್ಲ? ಕಾರಣ ಒಂದಲ್ಲ. ಒಂದು, ಪ್ರಾಯಕ್ಕೆ ಬಂದ ನರಕೋಶಕ್ಕೆ ಬೆಳೆಯುವ ಉಮೇದು ತಾನಾಗಿಯೇ ಕಡಿಮೆ. ಎರಡು, ಬೆನ್ನುಹುರಿಯ ಕೊಬ್ಬಿನ ಹೊದಿಕೆಯಲ್ಲಿ ನೋಗೋ ಎಂಬ ಪ್ರೋಟೀನಿನಂಥ ತಡೆಗಳಿವೆ. ಮೂರು, ಪೆಟ್ಟಾದ ಜಾಗದಲ್ಲಿ ಆಸ್ಟ್ರೋಸೈಟ್‌ಗಳು ದಪ್ಪವಾಗಿ ಹೆಣೆದುಕೊಂಡು ಗಾಯದ ಕಲೆ ಕಟ್ಟುತ್ತವೆ. ಆ ಕಲೆ ಒಳ್ಳೆಯದೂ ಹೌದು, ಗಾಯ ಹರಡದಂತೆ ತಡೆಯುತ್ತದೆ. ಆದರೆ ಅದರಲ್ಲಿ ತುಂಬಿರುವ ಕಾಂಡ್ರಾಯ್ಟಿನ್ ಸಲ್ಫೇಟ್ ಪ್ರೋಟಿಯೋಗ್ಲೈಕಾನ್ ಎಂಬ ವಸ್ತು ತಂತುವಿನ ತುದಿಯನ್ನು ಅಲ್ಲೇ ನಿಲ್ಲಿಸುತ್ತದೆ.

1981ರಲ್ಲಿ ಮಾಂಟ್ರಿಯಲ್‌ನ ಆಲ್ಬರ್ಟ್ ಅಗ್ವಾಯೋ ಮತ್ತು ಸ್ಯಾಮ್ಯುಯೆಲ್ ಡೇವಿಡ್ ಇಲಿಯ ಕಾಲಿನ ನರದ ತುಂಡನ್ನು ಬೆನ್ನುಹುರಿಗೂ ಮೆದುಳಿನ ಬುಡಕ್ಕೂ ಸೇತುವೆ ಥರ ಜೋಡಿಸಿದರು. ಬೆಳೆಯುವುದೇ ಇಲ್ಲ ಅಂದುಕೊಂಡಿದ್ದ ತಂತುಗಳು ಆ ತುಂಡಿನೊಳಗೆ ಸುಮಾರು ಮೂರು ಸೆಂಟಿಮೀಟರ್ ಬೆಳೆದವು. ಇಲಿಯ ಮೈಗೆ ಅದು ಬಹಳ ದೂರ. ಆದರೆ ತುಂಡು ಮುಗಿದು ಮತ್ತೆ ಬೆನ್ನುಹುರಿ ಶುರುವಾಗುವ ಕಡೆ ಬಂದ ಕೂಡಲೇ ಬಹುಪಾಲು ನಿಂತುಬಿಟ್ಟವು. ಒಳಗೆ ಹೋಗಲು ದಾರಿ ಬೇಕಿತ್ತು, ದಾರಿ ಸಿಕ್ಕಿತು, ಹೊರಬರಲು ಬಾಗಿಲು ಇರಲಿಲ್ಲ. ಕಾಲಿನ ನರದಲ್ಲಿರುವುದು ಶ್ವಾನ್ ಕೋಶ. ಶ್ವಾನ್ ಕೋಶಕ್ಕೂ ಆಸ್ಟ್ರೋಸೈಟ್‌ಗೂ ಆಗಿಬರುವುದಿಲ್ಲ. ಎರಡನ್ನೂ ಒಂದೇ ತಟ್ಟೆಯಲ್ಲಿ ಬೆಳೆಸಿದರೆ ನಡುವೆ ಗೆರೆ ಕೊರೆದ ಹಾಗೆ ಗಡಿ ಏಳುತ್ತದೆ, ಆಸ್ಟ್ರೋಸೈಟ್ ಊದಿಕೊಳ್ಳುತ್ತದೆ. ಅದೇ ತಟ್ಟೆಯಲ್ಲಿ ಓಇಸಿ ಹಾಕಿದರೆ ಎರಡೂ ಬೆರೆತುಕೊಂಡು ಬೆಳೆಯುತ್ತವೆ. ಇದನ್ನು 2000ದಲ್ಲಿ ಬ್ರಿಟನ್ನಿನ ವಿಜ್ಞಾನಿಗಳು ಚೆನ್ನಾಗಿ ತೋರಿಸಿದರು. ಆಶ್ಚರ್ಯವೇನಿಲ್ಲ, ಮೂಗಿನ ನರ ಮೆದುಳಿಗೆ ಸೇರುವ ಕಡೆ ಓಇಸಿ ಮತ್ತು ಆಸ್ಟ್ರೋಸೈಟ್ ಹುಟ್ಟಿನಿಂದಲೂ ಅಕ್ಕಪಕ್ಕದಲ್ಲೇ ಬಾಳುತ್ತವೆ. ಬೆನ್ನುಹುರಿಗೆ ಮೂಗಿನ ಕೋಶ ಹಾಕುವ ಯೋಚನೆಗೆ ಬಲ ಬಂದದ್ದು ಇದರಿಂದಲೇ.

ಮೊದಲ ಪ್ರಾಣಿ ಪ್ರಯೋಗಗಳು ಬಹಳ ಆಸೆ ಹುಟ್ಟಿಸಿದವು. 1994ರಲ್ಲಿ ಸ್ಪೇನಿನ ಅಲ್ಮುದೇನಾ ರಾಮೋನ್ ಕ್ವೆಟೊ ಮತ್ತು ನಿಯೆಟೊ ಸಾಂಪೆಡ್ರೊ, ಓಇಸಿ ಹಾಕಿದರೆ ನರದ ಬೇರುಗಳು ಬೆನ್ನುಹುರಿಯೊಳಕ್ಕೆ ಬೆಳೆಯುತ್ತವೆ ಎಂದು ವರದಿ ಮಾಡಿದರು. 1997ರಲ್ಲಿ ರೈಸ್‌ಮನ್ ತಂಡ ಇಲಿಗಳಲ್ಲಿ ಮೆದುಳಿನಿಂದ ಮುಂಗಾಲಿಗೆ ಬರುವ ದಾರಿಯನ್ನು ಒಂದು ಪಕ್ಕ ಕಡಿದು, ಅಲ್ಲಿ ಓಇಸಿ ಇಟ್ಟಿತು. ಚಾಚಿ ಆಹಾರ ಹಿಡಿಯಲು ಆಗದಿದ್ದ ಮುಂಗಾಲು ಮತ್ತೆ ಚಾಚತೊಡಗಿತು. ಆಮೇಲೆ ಬೇರೆ ಬೇರೆ ಲ್ಯಾಬ್‌ಗಳಲ್ಲಿ ಮಾಡಿದಾಗ ಕೆಲವು ಕಡೆ ಫಲ ಸಿಕ್ಕಿತು, ಕೆಲವು ಕಡೆ ಸಿಗಲಿಲ್ಲ.

ನಾನು ಹೆಚ್ಚು ಬೆಲೆ ಕೊಡುವುದು 2012ರ ಕೇಂಬ್ರಿಡ್ಜ್ ಪ್ರಯೋಗಕ್ಕೆ. ಏಕೆಂದರೆ ಅದು ಲ್ಯಾಬಿನಲ್ಲಿ ನೀಟಾಗಿ ಕಡಿದ ಬೆನ್ನುಹುರಿ ಅಲ್ಲ. ಅಪಘಾತದಿಂದಲೋ ಬೆನ್ನಿನ ಡಿಸ್ಕ್ ಜಾರಿಯೋ ಹಿಂಗಾಲು ಬಿದ್ದುಹೋದ 34 ಸಾಕುನಾಯಿಗಳು. ಗಾಯ ಆಗಿ ತಿಂಗಳುಗಳೇ ಕಳೆದಿದ್ದವು. 23 ನಾಯಿಗಳಿಗೆ ಅವುಗಳದೇ ಮೂಗಿನಿಂದ ತೆಗೆದು ಬೆಳೆಸಿದ ಕೋಶ ಚುಚ್ಚಿದರು. ಉಳಿದವಕ್ಕೆ ಬರೀ ದ್ರಾವಣ. ಯಾವ ನಾಯಿಗೆ ಯಾವುದು ಅಂತ ಅಳೆಯುವವರಿಗೆ ಗೊತ್ತಿರಲಿಲ್ಲ. ಕೋಶ ಪಡೆದ ನಾಯಿಗಳು ಟ್ರೆಡ್‌ಮಿಲ್ ಮೇಲೆ ಮುಂಗಾಲು ಹಿಂಗಾಲಿನ ಹೊಂದಾಣಿಕೆಯಲ್ಲಿ ಸ್ಪಷ್ಟವಾಗಿ ಸುಧಾರಿಸಿದವು. ಆದರೆ ಮೆದುಳಿನಿಂದ ಗಾಯ ದಾಟಿ ಉದ್ದಕ್ಕೆ ಹೋಗುವ ಸಂದೇಶ ಮತ್ತೆ ಶುರುವಾದದ್ದಕ್ಕೆ ಗುರುತು ಸಿಗಲಿಲ್ಲ. ಮೂತ್ರದ ಹಿಡಿತವೂ ಸುಧಾರಿಸಲಿಲ್ಲ. ಅಂದರೆ ಗಾಯದ ಆಸುಪಾಸಿನಲ್ಲಿ ಗಿಡ್ಡ ಗಿಡ್ಡ ಸಂಪರ್ಕಗಳು ಕೂಡಿಕೊಂಡಿರಬೇಕು. ಅದು ಅಸಲಿ ಲಾಭ. ಆದರೆ ಬೆನ್ನುಹುರಿ ಪೂರ್ತಿ ಜೋಡಿಯಾದದ್ದಲ್ಲ.

ಮನುಷ್ಯರಲ್ಲಿ? ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿ ಅಲನ್ ಮೆಕೇ ಸಿಮ್ ಅವರ ತಂಡ ಮೂವರಿಗೆ ಅವರದೇ ಮೂಗಿನ ಕೋಶ ಹಾಕಿ, ಇನ್ನು ಮೂವರನ್ನು ಹೋಲಿಕೆಗೆ ಇಟ್ಟುಕೊಂಡು ಮೂರು ವರ್ಷ ನೋಡಿತು. 2008ರ ವರದಿ ಪ್ರಕಾರ ಅಪಾಯ ಕಾಣಲಿಲ್ಲ. ಒಬ್ಬರಿಗೆ ಸ್ಪರ್ಶ ಸ್ವಲ್ಪ ಕೆಳಗಿನವರೆಗೆ ತಿಳಿಯತೊಡಗಿತು. ಕಾಲು ಯಾರದೂ ಆಡಲಿಲ್ಲ. ನಮ್ಮ ದೇಶದಲ್ಲೂ ಆಗಿದೆ. ದಿಲ್ಲಿಯ ಇಂಡಿಯನ್ ಸ್ಪೈನಲ್ ಇಂಜುರೀಸ್ ಸೆಂಟರ್ ಐವರಲ್ಲಿ ಮೂಗಿನ ಪೊರೆಯನ್ನು ಕಸಿ ಮಾಡಿ, 18 ತಿಂಗಳು ಗಮನಿಸಿ, 2009ರಲ್ಲಿ ಪ್ರಾಮಾಣಿಕವಾಗಿ ಪ್ರಕಟಿಸಿತು: ಇದರಿಂದಲೇ ಆದ ಲಾಭ ಅಂತ ಹೇಳುವಂಥದ್ದು ಏನೂ ಕಂಡಿಲ್ಲ.

ನೀವು ಓದಿದ್ದು ಬಹುಶಃ ಪೋಲೆಂಡಿನ ಡಾರೆಕ್ ಫಿಡಿಕಾ ಅವರ ಬಗ್ಗೆ. 2010ರಲ್ಲಿ ಚೂರಿ ಇರಿತದಿಂದ ಅವರ ಬೆನ್ನುಹುರಿ ಹೆಚ್ಚುಕಡಿಮೆ ತುಂಡಾಗಿತ್ತು. ಒಂದು ಪಕ್ಕ ತೆಳು ಎಳೆ ಉಳಿದಿತ್ತು. 2012ರಲ್ಲಿ ವ್ರೊಟ್ಸ್ವಾಫ್ ನಗರದ ಪಾವೆಲ್ ತಬಾಕೊಫ್ ತಂಡ ತಲೆಬುರುಡೆ ತೆರೆದು ಮೆದುಳಿನಲ್ಲಿ ವಾಸನೆ ಗ್ರಹಿಸುವ ಎರಡು ಭಾಗಗಳಲ್ಲಿ (ಆಲ್ಫ್ಯಾಕ್ಟರಿ ಬಲ್ಬ್) ಒಂದನ್ನೇ ತೆಗೆಯಿತು. ಅದರಿಂದ ಕೋಶ ಬೆಳೆಸಿ ಗಾಯದ ಮೇಲೂ ಕೆಳಗೂ ಚುಚ್ಚಿತು. 8 ಮಿಲಿಮೀಟರಿನ ಕಂದಕಕ್ಕೆ ಅವರ ಕಾಲಿನಿಂದಲೇ ತೆಗೆದ ನರದ ಪಟ್ಟಿಗಳನ್ನು ಜೋಡಿಸಿತು. ಕೆಲವು ತಿಂಗಳ ನಂತರ ತೊಡೆಯ ಸ್ನಾಯು ತುಂಬಿಕೊಳ್ಳತೊಡಗಿತು. ಆಮೇಲೆ ಕಾಲಿಗೆ ಪಟ್ಟಿ ಕಟ್ಟಿ, ಕಂಬಿ ಹಿಡಿದು ಹೆಜ್ಜೆ ಹಾಕಿದರು. ನಿಜವಾದ ಸುಧಾರಣೆ, ಅದರಲ್ಲಿ ಅನುಮಾನ ಇಲ್ಲ. ಆದರೆ ಒಬ್ಬರೇ ರೋಗಿ. ಉಳಿದಿದ್ದ ಎಳೆಯಿಂದಲೋ, ಕಾಲಿನ ನರದಿಂದಲೋ, ದಿನಕ್ಕೆ ಗಂಟೆಗಟ್ಟಲೆ ಮಾಡಿದ ವ್ಯಾಯಾಮದಿಂದಲೋ, ಮೂಗಿನ ಕೋಶದಿಂದಲೋ ಅಂತ ಬಿಡಿಸಿ ಹೇಳಲು ಬರುವುದಿಲ್ಲ. ಇನ್ನೊಂದು ಮಾತು. ಚೂರಿಯ ಗಾಯ ನೀಟಾಗಿ ಕತ್ತರಿಸಿದ ಗಾಯ. ಮರದಿಂದ ಬಿದ್ದಾಗ ಬೆನ್ನುಹುರಿ ಜಜ್ಜಿಹೋಗುತ್ತದೆ, ಒಳಗೆ ಪೊಳ್ಳಾಗಬಹುದು. ಎರಡೂ ಒಂದೇ ಅಲ್ಲ.

ಅಪಾಯದ ಕಥೆಯೂ ಇದೆ. ಮೂಗಿನ ಪೊರೆಯನ್ನು ಶುದ್ಧ ಮಾಡದೆ ಹಾಗೇ ಬೆನ್ನುಹುರಿಗೆ ಕಸಿ ಮಾಡಿಸಿಕೊಂಡ ಯುವತಿಯೊಬ್ಬರಿಗೆ ಎಂಟು ವರ್ಷದ ನಂತರ ಅಲ್ಲಿ ನೋವಿನ ಗಂಟು ಬೆಳೆಯಿತು. ತೆರೆದು ನೋಡಿದರೆ ಒಳಗೆ ಸಿಂಬಳದಂಥ ದ್ರವ. ಮೂಗಿನ ಪೊರೆ ಹೋದಲ್ಲೂ ತನ್ನ ಕೆಲಸ ಮಾಡಿತ್ತು. ಇದನ್ನು ಅಮೆರಿಕದ ವೈದ್ಯರು 2014ರಲ್ಲಿ ವರದಿ ಮಾಡಿದರು. ಮೂಗಿನ ಪೊರೆಯಲ್ಲಿ ಓಇಸಿ ಒಂದೇ ಇರುವುದಿಲ್ಲ ಅನ್ನುವುದನ್ನು ಮರೆಯಬಾರದು.

ಹಾಗಾದರೆ ಮೂಗಿನಲ್ಲಿ ಇಷ್ಟು ಚೆನ್ನಾಗಿ ಆಗುವುದು ಬೆನ್ನುಹುರಿಯಲ್ಲಿ ಏಕೆ ಆಗುತ್ತಿಲ್ಲ? ಕೋಶ ಶುದ್ಧವಾಗಿ ಸಿಗುವುದು ಕಷ್ಟ, ಚುಚ್ಚಿದವುಗಳಲ್ಲಿ ಬಹಳಷ್ಟು ಸಾಯುತ್ತವೆ, ಇವೆಲ್ಲ ಸರಿ. ಆದರೆ ಸುದ್ದಿಗಳಲ್ಲಿ ಬಿಟ್ಟುಹೋಗುವ ದೊಡ್ಡ ಕಾರಣ ಬೇರೆ. ಮೂಗಿನಲ್ಲಿ ಸಹಜವಾಗಿ ನಡೆಯುವುದು ಹಳೆಯ ನರದ ರಿಪೇರಿ ಅಲ್ಲ. ಹಳೆಯದು ಸಾಯುತ್ತದೆ, ಹೊಸದು ಹುಟ್ಟುತ್ತದೆ. ಈಗಷ್ಟೇ ಹುಟ್ಟಿದ ಎಳೆಯ ನರಕೋಶ, ಬೆಳೆಯುವ ಉಮೇದು ತುಂಬಿದ್ದು, ಕೆಲವೇ ಸೆಂಟಿಮೀಟರ್ ಹೋದರೆ ಸಾಕು. ಓಇಸಿ ಅದಕ್ಕೆ ದಾರಿ ಕೊಡುತ್ತದೆ. ಬೆನ್ನುಹುರಿಯಲ್ಲಿ ಹೊಸ ನರಕೋಶ ಹುಟ್ಟುವುದಿಲ್ಲ. ಪ್ರಾಯದ ಹಳೆಯ ಕೋಶವೇ ತುಂಡಾದ ತಂತುವನ್ನು ಮತ್ತೆ ಚಾಚಬೇಕು, ಹತ್ತಾರು ಸೆಂಟಿಮೀಟರ್ ಹೋಗಬೇಕು, ಸರಿಯಾದ ಕೋಶವನ್ನೇ ಸೇರಬೇಕು. ಓಇಸಿ ದಾರಿ ತೆರೆಯಬಲ್ಲದು. ನಡೆಯುವವರನ್ನು ಹುಟ್ಟಿಸಲಾರದು. ಅದಕ್ಕೇ ಈಗಿನ ತಂಡಗಳು ಓಇಸಿಯನ್ನು ಒಂಟಿಯಾಗಿ ನಂಬಿಕೊಂಡು ಕೂತಿಲ್ಲ. ಆಸ್ಟ್ರೇಲಿಯಾದ ಗ್ರಿಫಿತ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಸೇಂಟ್ ಜಾನ್ ಅವರ ತಂಡ ಶುದ್ಧ ಮಾಡಿದ ಕೋಶಗಳಿಂದ ಪುಟ್ಟ ಸೇತುವೆಗಳನ್ನು ಕಟ್ಟಿ, ಅದರ ಜೊತೆ ದೀರ್ಘಕಾಲದ ಕಠಿಣ ವ್ಯಾಯಾಮ ಸೇರಿಸುವ ದಾರಿ ಹಿಡಿದಿದೆ. ನನಗೆ ನಂಬಿಕೆ ಇರುವುದು ಇಂಥ ದಾರಿಯಲ್ಲಿ.

ಆ ಕ್ಲಿನಿಕ್‌ನವರು ಮತ್ತೆ ಫೋನ್ ಮಾಡಿದರೆ ಕೇಳಿ: ಇದು ಕ್ಲಿನಿಕಲ್ ಟ್ರಯಲ್ಲಾ, ಅಂದರೆ ರೋಗಿಗಳ ಮೇಲೆ ನಿಯಮದ ಪ್ರಕಾರ ನಡೆಸುವ ಪ್ರಯೋಗವಾ? ಸಿಟಿಆರ್‌ಐ (ನಮ್ಮ ದೇಶದ ಟ್ರಯಲ್‌ಗಳ ನೋಂದಣಿ ಪಟ್ಟಿ) ಸಂಖ್ಯೆ ಏನು? ಆ ಪಟ್ಟಿಯನ್ನು ಇಂಟರ್‌ನೆಟ್‌ನಲ್ಲಿ ಯಾರು ಬೇಕಾದರೂ ನೋಡಬಹುದು. ಯಾವ ಎಥಿಕ್ಸ್ ಸಮಿತಿ ಒಪ್ಪಿದೆ? ಟ್ರಯಲ್ ಆದರೆ ನಮ್ಮಿಂದ ದುಡ್ಡು ಏಕೆ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಸ್ಟೆಮ್ ಸೆಲ್ (ಮೂಲಕೋಶ) ಮಾರ್ಗಸೂಚಿ ಪ್ರಕಾರ ರಕ್ತಕ್ಕೆ ಸಂಬಂಧಿಸಿದ ಕೆಲವು ಕಾಯಿಲೆಗಳನ್ನು ಬಿಟ್ಟರೆ ಉಳಿದದ್ದಕ್ಕೆಲ್ಲ ಸ್ಟೆಮ್ ಸೆಲ್ ಬಳಕೆ ಪ್ರಯೋಗವಾಗಿ ಮಾತ್ರ ನಡೆಯಬೇಕು, ಅದಕ್ಕೆ ರೋಗಿಯಿಂದ ಹಣ ತೆಗೆದುಕೊಳ್ಳುವಂತಿಲ್ಲ. ಓಇಸಿ ಲೆಕ್ಕಕ್ಕೆ ಸ್ಟೆಮ್ ಸೆಲ್ ಅಲ್ಲ. ಆದರೆ ಕ್ಲಿನಿಕ್‌ಗಳು ಎಲ್ಲವನ್ನೂ ಅದೇ ಹೆಸರಿನಲ್ಲಿ ಮಾರುತ್ತವೆ. ಈ ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಕೊಡಿ ಅನ್ನಿ.

ಅಣ್ಣನಿಗೆ ಈಗ ಮಾಡಬೇಕಾದದ್ದು ಬೇರೆ ಇದೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತಿದ್ದೀರಾ? ವೀಲ್‌ಚೇರಿನಲ್ಲಿ ಕೂತಾಗಲೂ ಆಗಾಗ ಮೈ ಎತ್ತಿ ಭಾರ ಇಳಿಸಬೇಕು. ಪ್ರತಿ ರಾತ್ರಿ ಸೊಂಟ, ಪೃಷ್ಠ, ಹಿಮ್ಮಡಿಯ ಚರ್ಮ ಕೆಂಪಾಗಿದೆಯಾ ಅಂತ ಕನ್ನಡಿ ಹಿಡಿದು ನೋಡಿ. ಮೂತ್ರ ಹೊತ್ತಿಗೆ ಸರಿಯಾಗಿ, ಚೊಕ್ಕಟವಾಗಿ ಖಾಲಿಯಾಗಬೇಕು. ಇಲ್ಲದಿದ್ದರೆ ಕಿಡ್ನಿಗೆ ಪೆಟ್ಟು. ಕಾಲಿನ ಕೀಲುಗಳು ಮರಗಟ್ಟದಂತೆ ದಿನಾ ಆಡಿಸಿ. ಮುಂದೆ ಯಾವತ್ತಾದರೂ ಒಳ್ಳೆಯ ಟ್ರಯಲ್ ಬಂದರೆ, ಹುಣ್ಣು, ಸೋಂಕು ಇಲ್ಲದ, ಕೀಲು ಆಡುವ ದೇಹದವರನ್ನೇ ತೆಗೆದುಕೊಳ್ಳುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ನರ ಪುನರ್ವಸತಿ ವಿಭಾಗ ಇದೆ. ಇನ್ನೂ ತೋರಿಸಿಲ್ಲದಿದ್ದರೆ ಒಮ್ಮೆ ಕರೆದುಕೊಂಡು ಹೋಗಿ.

ಇನ್ನೊಂದು ವಿಷಯ ಕೇಳಿ ನೋಡಿ. ಬಿದ್ದಾಗ ತಲೆಗೂ ಪೆಟ್ಟಾಗಿದ್ದರೆ, ಮೂಳೆಯ ತೂತುಗಳ ಹತ್ತಿರ ವಾಸನೆಯ ತಂತುಗಳು ಹರಿದಿರುವ ಸಾಧ್ಯತೆ ಇದೆ. ಇಂಥ ದೊಡ್ಡ ಗಾಯದ ನಡುವೆ ಯಾರೂ ಅದನ್ನು ವಿಚಾರಿಸುವುದಿಲ್ಲ. ವಾಸನೆ ಗೊತ್ತಾಗದಿದ್ದರೆ ಗ್ಯಾಸ್ ಸೋರಿದ್ದೂ ತಿಳಿಯುವುದಿಲ್ಲ, ಊಟವೂ ಸೇರುವುದಿಲ್ಲ. ಲವಂಗ, ನಿಂಬೆ, ಗುಲಾಬಿ, ನೀಲಗಿರಿ ಎಣ್ಣೆ, ಈ ನಾಲ್ಕನ್ನು ಬೆಳಿಗ್ಗೆ ಸಂಜೆ ಒಂದೊಂದಾಗಿ ಮೂಸುವ ಅಭ್ಯಾಸವನ್ನು ಜರ್ಮನಿಯ ಥಾಮಸ್ ಹುಮ್ಮೆಲ್ ತಂಡ 2009ರಲ್ಲಿ 12 ವಾರ ಮಾಡಿಸಿ ನೋಡಿತ್ತು, ಕೆಲವರಿಗೆ ವಾಸನೆಯ ಶಕ್ತಿ ಸುಧಾರಿಸಿತು. ಎರಡು ವರ್ಷ ಕಳೆದಿರುವುದರಿಂದ ಹೆಚ್ಚು ನಿರೀಕ್ಷೆ ಬೇಡ, ಆದರೆ ಖರ್ಚೂ ಇಲ್ಲ, ಅಪಾಯವೂ ಇಲ್ಲ. ಮೂಗಿನ ಕೋಶಗಳ ಹತ್ತಿರ ಇವತ್ತೇ ಮನೆಯಲ್ಲಿ ಮಾಡಿಸಬಹುದಾದ ಕೆಲಸ ಇದೊಂದೇ.